ಸ್ಲೇಟಿನೊಳಗಿನ ಹಳೆಯ ತಪ್ಪು

ಜನವರಿ ೧೯, ಭಾನುವಾರ

ಪ್ರೀತಿಯ ಮೊಳೆ,

ನಿನ್ನ ಕಾಗದ ಬಂದು ಎರಡೂವರೆ ತಿಂಗಳಾಯಿತು. ಬಾಯಿತುಂಬ ಬೈದುಕೋ, ಆದರೆ ಕಾರಣ ಕೇಳಿದ ಮೇಲೆ ಬೈದುಕೋ. ಮನೆಯಲ್ಲಿ ಎಲ್ಲರೂ ಗಟ್ಟಿಮುಟ್ಟಾಗಿದ್ದಾರೆ. ಕೈಕೊಟ್ಟದ್ದು ನನ್ನ ಕಣ್ಣು. ಎಡಗಣ್ಣಿನ ಪೊರೆ ತೆಗೆಸಿದರೂ ಅದರ ಮಂಜು ಹೋಗಲಿಲ್ಲ, ಅದು ನಿನಗೆ ಗೊತ್ತು. ಈಗ ಬಲಗಣ್ಣಿನ ನಟ್ಟನಡುವೆ ಯಾರೋ ಮಸಿ ಬೆರಳು ಒತ್ತಿದ ಹಾಗೆ ಒಂದು ಕಲೆ ಕೂತಿದೆ. ನೇರ ನೋಡಿದ್ದು ಕಾಣುವುದಿಲ್ಲ, ಅದರ ಅಕ್ಕಪಕ್ಕದ್ದು ಕಾಣುತ್ತದೆ. ಒಂದು ಪದದ ತಲೆ ಸಿಗುತ್ತದೆ, ಬಾಲ ಸಿಗುತ್ತದೆ, ಹೊಟ್ಟೆ ಮಾಯ. ಕಣ್ಣಿನ ಡಾಕ್ಟರಮ್ಮ ಎಲ್ಲ ಪರೀಕ್ಷೆ ಮಾಡಿ, "ಸಣ್ಣಕ್ಷರ ಓದೋ ಆಸೆ ಬಿಟ್ಬಿಡಿ" ಎಂದರು. ಮೂವತ್ತಾರು ವರ್ಷ ಪ್ರೆಸ್ಸಿನಲ್ಲಿ ಕರಡು ತಿದ್ದಿ ಬದುಕಿದವನಿಗೆ, ಕನ್ನಡಕ ಎಂದೇ ಅಡ್ಡಹೆಸರು ಬಿದ್ದವನಿಗೆ, ಆ ಮಾತು ಎಲ್ಲಿ ನಾಟಿರಬೇಕು ನೀನೇ ಯೋಚಿಸು.

ಎರಡು ತಿಂಗಳು ಒಂದಕ್ಷರ ಓದಲಿಲ್ಲ, ಬರೆಯಲಿಲ್ಲ. ಬೆಳಗ್ಗೆ ನನ್ನಾಕೆ ಪೇಪರು ಓದಿ ಹೇಳುತ್ತಿದ್ದಳು. ಅವಳು ಓದುವ ಚೆಂದ ನೀನು ಕಂಡವನೇ. ಸುದ್ದಿ ಎರಡು ಸಾಲು, ಅದರ ಮೇಲೆ ಅವಳ ಅಭಿಪ್ರಾಯ ಇಪ್ಪತ್ತು ಸಾಲು. ಇದರಲ್ಲಿ ಅಚ್ಚಾದದ್ದೆಷ್ಟು, ಇವಳದ್ದೆಷ್ಟು ಎಂದು ಬೇರ್ಪಡಿಸುವುದರಲ್ಲೇ ಟೀ ಆರಿಹೋಗುತ್ತಿತ್ತು.

ಸೊಸೆ ಇದನ್ನೆಲ್ಲ ನೋಡುತ್ತಿದ್ದಳು ಅಂತ ಕಾಣುತ್ತದೆ. ಅವಳು ಬಸ್ಸು ಓಡಿಸುವವಳು. ನೋಡುವುದೇ ಅವಳ ಕೆಲಸ, ಮಾತು ಕಡಿಮೆ. ಒಂದು ಸಂಜೆ ಪಾಳಿ ಮುಗಿಸಿ ಬಂದು, ಸಮವಸ್ತ್ರವನ್ನೂ ಬದಲಾಯಿಸದೆ, ತೆಳ್ಳನೆಯ ಒಂದು ಡಬ್ಬಿಯನ್ನು ನನ್ನ ತೊಡೆಯ ಮೇಲಿಟ್ಟಳು.

"ಮಾವ, ಇದು ಇ-ರೀಡರು. ಪುಸ್ತಕ ಓದೋದಕ್ಕೇ ಮಾಡಿರೋದು. ಅಕ್ಷರ ಎಷ್ಟು ದೊಡ್ಡದು ಬೇಕಾದ್ರೂ ಮಾಡ್ಕೊಬಹುದು."

"ಫೋನಿನ ಹಾಗೆ ಕಣ್ಣಿಗೆ ಹೊಡೆಯುತ್ತೇನಮ್ಮ?"

"ಇಲ್ಲ. ಕಾಗದದ ಥರಾನೇ ಇರುತ್ತೆ. ಮೊದಲು ಹಿಡ್ಕೊಂಡು ನೋಡಿ, ಆಮೇಲೆ ಬೇಡ ಅನ್ನಿ."

ಬೇಡ ಎನ್ನಲು ನಾನು ಬಾಯಿ ತೆರೆದದ್ದು ಅವಳಿಗೆ ಹೇಗೆ ಗೊತ್ತಾಯಿತೋ.

ಈಗ ಅದರ ವಿಷಯ ಕೇಳು. ನನ್ನ ಎರಡು ಅಂಗೈ ಜೋಡಿಸಿದಷ್ಟು ಅಗಲ, ನೋಟ್‌ಬುಕ್ಕಿನ ರಟ್ಟಿಗಿಂತ ಸ್ವಲ್ಪ ದಪ್ಪ. ನನ್ನಾಕೆ ಅದಕ್ಕೆ "ನಿಮ್ಮ ಸ್ಲೇಟು" ಎಂದು ನಾಮಕರಣ ಮಾಡಿದ್ದಾಳೆ, ನಾನೂ ಹಾಗೇ ಕರೆಯುತ್ತೇನೆ. ಬಣ್ಣ ನಮ್ಮ ಕಾಲದ ಅಗ್ಗದ ಪೇಪರಿನದ್ದು, ಸ್ವಲ್ಪ ಬೂದು. ಪುಟ ತಿರುಗಿಸಲು ಬೆರಳು ಮುಟ್ಟಿಸಿದರೆ ಸಾಕು. ಇಡೀ ಹಾಳೆ ಒಮ್ಮೆ ಕಣ್ಣು ಮಿಟುಕಿಸಿದ ಹಾಗೆ ಕಪ್ಪಾಗಿ ಮತ್ತೆ ತಿಳಿಯಾಗುತ್ತದೆ. ಆರಂಭದಲ್ಲಿ ನಾನು ನಾಲಿಗೆಗೆ ಬೆರಳು ತಾಗಿಸಿಕೊಂಡು ಪುಟ ತಿರುಗಿಸಲು ಹೋದೆ. ಒದ್ದೆ ಬೆರಳಿಗೆ ಅದು ಮುನಿಸಿಕೊಂಡು ಇಡೀ ಪುಸ್ತಕವನ್ನೇ ಮುಚ್ಚಿಬಿಟ್ಟಿತು. ಸೊಸೆ ಗೋಡೆಯ ಕಡೆ ತಿರುಗಿ ನಕ್ಕಳು.

ಹಿಡಿಸದ್ದು ಬೇಕಾದಷ್ಟಿದೆ. ಪುಟದ ಸಂಖ್ಯೆ ಇಲ್ಲ, ನೂರಕ್ಕೆ ಇಷ್ಟು ಓದಿದ್ದೀಯ ಎಂದು ಕೆಳಗೆ ತೋರಿಸುತ್ತದೆ, ಪರೀಕ್ಷೆಯ ಅಂಕದ ಹಾಗೆ. ಪುಸ್ತಕ ಮುಗಿಯಲು ಬಂದದ್ದು ಕೈಗೆ ತಿಳಿಯುವುದಿಲ್ಲ. ಬಲಗೈಯಲ್ಲಿನ ಹಾಳೆಗಳು ಕರಗಿದ ಹಾಗೆಲ್ಲ ಮನಸ್ಸು ಅಯ್ಯೋ ಮುಗಿಯಿತಲ್ಲ ಎನ್ನುತ್ತಿತ್ತಲ್ಲ, ಅದು ಹೋಯಿತು. ನಲವತ್ತು ಪುಟದ್ದಕ್ಕೂ ಒಂಬೈನೂರು ಪುಟದ್ದಕ್ಕೂ ಒಂದೇ ತೂಕ. ವಾಸನೆ ಇಲ್ಲ. ಇನ್ನು ಒತ್ತಕ್ಷರದ ಪಾಡು ಕೇಳಿದರೆ ನೀನು ಎದ್ದು ನಿಲ್ಲುತ್ತೀಯ: ಕೆಲವು ಪುಸ್ತಕಗಳಲ್ಲಿ ಒತ್ತು ತನ್ನ ಅಕ್ಷರದ ಕೆಳಗಿರದೆ ಕಳಚಿಕೊಂಡು ಪಕ್ಕದಲ್ಲಿ ಬಂದು ಕೂತಿರುತ್ತದೆ, ಬಸ್ಸಿನಲ್ಲಿ ಸೀಟು ಸಿಗದವರ ಹಾಗೆ. ಅದನ್ನು ಕಂಡ ಕೂಡಲೇ ನನ್ನ ಕೈ ತಾನೇತಾನಾಗಿ ಕಿವಿಯ ಮೇಲಿನ ಪೆನ್ನಿಗೆ ಹೋಗುತ್ತದೆ. ಪೆನ್ನು ಬಿಟ್ಟು ಎಂಟು ವರ್ಷವಾಯಿತು, ಕೈಗೆ ಗೊತ್ತಿಲ್ಲ.

ಮೊನ್ನೆ ನನ್ನಾಕೆ ಮೇಜು ಒರೆಸುವಾಗ ಸ್ಲೇಟನ್ನೂ ಒದ್ದೆ ಬಟ್ಟೆಯಿಂದ ಚೆನ್ನಾಗಿ ಒರೆಸಿದಳು. ನಾನು ಬಂದು ನೋಡಿದರೆ ಕಥೆಯ ನಾಯಕನಿಗೆ ಆಗಲೇ ಮದುವೆಯಾಗಿ ಇಬ್ಬರು ಮಕ್ಕಳು. "ಏನೇ ಇದು" ಎಂದರೆ, "ಧೂಳಿತ್ತು" ಎಂದಳು.

ಇಷ್ಟೆಲ್ಲ ದೂರಿದೆ, ಆದರೆ ಒಂದು ಮಾತು. ಅಕ್ಷರವನ್ನು ದೊಡ್ಡದು ಮಾಡುತ್ತಾ ಮಾಡುತ್ತಾ ಹೋದೆ. ಪುಟಕ್ಕೆ ಹನ್ನೊಂದೇ ಸಾಲು ಉಳಿದಾಗ ಪದಗಳ ಹೊಟ್ಟೆ ಕಲೆಯ ಆಚೆ ಈಚೆ ಉಬ್ಬಿ ಕಾಣಿಸಿಕೊಂಡಿತು. ಒಂದು ಇಡೀ ವಾಕ್ಯವನ್ನು, ಯಾರ ಸಹಾಯವೂ ಇಲ್ಲದೆ, ಮೊದಲಿನಿಂದ ಕೊನೆಯ ಚುಕ್ಕೆಯವರೆಗೆ ಓದಿದೆ. ಯಾವ ವಾಕ್ಯ ಎಂಬುದು ನೆನಪಿಲ್ಲ. ಏನೋ ಹವೆಯ ವಿಚಾರ. ಕನ್ನಡಕ ತೆಗೆದು ಒರೆಸಿಕೊಳ್ಳಬೇಕಾಯಿತು ಅಷ್ಟೆ.

ಸೊಸೆ ನಿನ್ನ ಲಕೋಟೆ ನೋಡಿ ಕೇಳಿದಳು: "ಇವರಿಗೆ ಯಾಕೆ ಮೊಳೆ ಅಂತೀರಾ? ಚುಚ್ಚಿ ಮಾತಾಡ್ತಾರಾ?" ಸೀಸದ ಅಕ್ಷರಗಳಿಗೆ ನಾವು ಮೊಳೆ ಅನ್ನುತ್ತಿದ್ದೆವು, ಅವನ್ನು ನಿನ್ನ ವೇಗದಲ್ಲಿ ಜೋಡಿಸುವವರು ಆ ಪ್ರೆಸ್ಸಿನಲ್ಲಿ ಇನ್ನೊಬ್ಬರಿರಲಿಲ್ಲ, ಅದಕ್ಕೆ ಆ ಹೆಸರು ಅಂದೆ. ಚುಚ್ಚುವುದರಲ್ಲೂ ಕಡಿಮೆಯಿರಲಿಲ್ಲ ಎಂದೂ ಸೇರಿಸಿದೆ.

ಈ ಕಾಗದವನ್ನೂ ಸ್ಲೇಟಿನಷ್ಟೇ ದಪ್ಪಕ್ಷರದಲ್ಲಿ ಬರೆಯುತ್ತಿದ್ದೇನೆ, ನೀನೂ ಹಾಗೇ ಬರೆ. ಯಾವುದಾದರೂ ಹಳೆಯ ಪುಸ್ತಕ ನೋಡುವ ಆಸೆಯಿದ್ದರೆ ತಿಳಿಸು. ಹೆಸರು ಬರೆದರೆ ಸಾಕು, ಇದ್ದರೆ ಈ ಸ್ಲೇಟು ಹುಡುಕಿ ತಂದುಕೊಡುತ್ತದೆ. ನಿನ್ನ ಸಸಿಗಳೆಲ್ಲ ಚೆನ್ನಾಗಿ ಚಿಗುರಲಿ. ಮಗಳಿಗೆ ನನ್ನ ಆಶೀರ್ವಾದ ತಿಳಿಸು.

ನಿನ್ನ
ಕನ್ನಡಕ


ಮಾರ್ಚ್ ೪, ಮಂಗಳವಾರ

ಪ್ರೀತಿಯ ಮೊಳೆ,

ನೀನು ವಾರದೊಳಗೆ ಉತ್ತರಿಸಿದೆ, ನಾನು ಮತ್ತೆ ತಡ. ಈ ಸಲ ಕಣ್ಣಿನ ನೆಪ ಹೇಳುವಂತಿಲ್ಲ. ಇಲ್ಲಿ ಎಲ್ಲ ಮಾಮೂಲು. ಮಗನಿಗೆ ಸ್ವಲ್ಪ ಕೆಮ್ಮಿತ್ತು, ಹೋಯಿತು. ಸೊಸೆಗೆ ಈಗ ಹೊಸ ಮಾರ್ಗ ಕೊಟ್ಟಿದ್ದಾರೆ, ಆಸ್ಪತ್ರೆಯಿಂದ ರೈಲು ನಿಲ್ದಾಣಕ್ಕೆ. ಹತ್ತುವವರೂ ಇಳಿಯುವವರೂ ಮುಖ ಗಂಟಿಕ್ಕಿಕೊಂಡೇ ಇರುತ್ತಾರೆ ಎಂದು ಅವಳ ದೂರು. ನಿನ್ನ ಮನೆಯಾಕೆ ಹೋದ ಮೇಲೆ ನೀನು ನಗುನಗುತ್ತಾ ಬರೆದ ಮೊದಲ ಕಾಗದ ಇದು. ನನ್ನಾಕೆಗೂ ಓದಿ ಹೇಳಿದೆ, ಒತ್ತಕ್ಷರಕ್ಕೆ ಸೀಟು ಸಿಗದ ಮಾತಿಗೆ ನೀನು ಬರೆದ ಉತ್ತರಕ್ಕೆ ಅವಳು ಬಿದ್ದು ಬಿದ್ದು ನಕ್ಕಳು.

ನೀನು ಕೊನೆಯಲ್ಲಿ ಕೇಳಿದ್ದಕ್ಕೆ ಬರುತ್ತೇನೆ. "ಆ ಸೂಲಗಿತ್ತಮ್ಮನ ಪುಸ್ತಕ ನಿನ್ನ ಸ್ಲೇಟಲ್ಲಿ ಇದೆಯಾ ನೋಡು. ಇದ್ರೆ ನನ್ನ ತಪ್ಪು ಇನ್ನೂ ಅಲ್ಲೇ ಕೂತಿದೆಯಾ ಹೇಳು. ಬೇಜಾರಿಗಲ್ಲ, ಸುಮ್ಮನೆ" ಎಂದು ಬರೆದಿದ್ದೀಯ. ಮೂವತ್ತೊಂದು ವರ್ಷಗಳಲ್ಲಿ ನೀನಾಗಿ ಆ ಮಾತು ಎತ್ತಿದ್ದು ಇದೇ ಮೊದಲು.

ಸ್ಲೇಟಿನಲ್ಲಿ ಹೆಸರು ಬರೆದುಕೊಡಲು ಸೊಸೆಯನ್ನು ಕರೆದೆ. ಯಾವ ಪುಸ್ತಕ, ಯಾಕೆ ಬೇಕು ಎಂದು ಅವಳು ಕೇಳಿದಳು. ಹೇಳಿದೆ. ಅವಳಿಗೆ ಹೇಳಿದ ಹಾಗೇ ಇಲ್ಲೂ ಬರೆಯುತ್ತೇನೆ. ನಿನ್ನ ನೆನಪಿಗೆ ತಾಳೆಯಾಗುತ್ತದೋ ನೋಡು.

ನಾನೂರು ಹೆರಿಗೆ ಮಾಡಿಸಿದ ಒಬ್ಬ ಸೂಲಗಿತ್ತಿ ತನ್ನ ನೆನಪುಗಳನ್ನು ಬರೆದು ತಂದಿದ್ದಳು. ಅದರಲ್ಲಿ ಒಂದು ಅಧ್ಯಾಯ ಉಳಿಯದೆ ಹೋದ ಒಂದು ಕೂಸಿನದ್ದು. ಮನೆಯವರು ಅವಳನ್ನು ಕರೆಸಿದ್ದೇ ತಡವಾಗಿ, ಅವಳು ಹೋಗುವಷ್ಟರಲ್ಲಿ ಎಲ್ಲ ಮೀರಿತ್ತು. ಆ ಅಧ್ಯಾಯದ ಕೊನೆಗೆ ಅವಳು ಬರೆದದ್ದು: "ಆ ಕೂಸು ಹೋದದ್ದು ನನ್ನ ತಪ್ಪಿನಿಂದಲ್ಲ. ಎದೆ ಮುಟ್ಟಿಕೊಂಡು ಹೇಳುತ್ತೇನೆ." ಅಚ್ಚಾಗಿ ಬಂದದ್ದು: "ಆ ಕೂಸು ಹೋದದ್ದು ನನ್ನ ತಪ್ಪಿನಿಂದ. ಎದೆ ಮುಟ್ಟಿಕೊಂಡು ಹೇಳುತ್ತೇನೆ." ಒಂದೇ ಒಂದು ಅಕ್ಷರ, ಒತ್ತಿರುವ ಒಂದು ಲ್ಲ, ಬಿದ್ದುಹೋಗಿತ್ತು. ಪುಸ್ತಕ ಬಿಡುಗಡೆಯಾದ ವಾರದೊಳಗೆ ಆ ಕೂಸಿನ ಮನೆಯವರು ಪುಸ್ತಕ ಹಿಡಿದುಕೊಂಡು ಅವಳ ಬಾಗಿಲಿಗೆ ಬಂದರು. "ನೀವೇ ಬರ್ಕೊಂಡಿದೀರಲ್ಲ" ಎಂದರು. ಆಮೇಲೆ ಎಷ್ಟೋ ತಿಂಗಳು ಯಾರೂ ಅವಳನ್ನು ಹೆರಿಗೆಗೆ ಕರೆಯಲಿಲ್ಲ.

ಒಂದು ಬೆಳಗ್ಗೆ ಅವಳು ಪ್ರೆಸ್ಸಿಗೆ ಬಂದು ಪುಸ್ತಕವನ್ನು ಯಜಮಾನರ ಮುಂದೆ ತೆರೆದಿಟ್ಟಳು. ಕೂಗಾಡಲಿಲ್ಲ. "ಇದನ್ನ ಹೇಗೆ ವಾಪಸ್ ತಗೊಳ್ತೀರಾ?" ಎಂದು ಕೇಳಿದಳು, ಅಷ್ಟೆ. ಬಿಡುಗಡೆಯ ಅವಸರದಲ್ಲಿ ಆ ಪುಸ್ತಕಕ್ಕೆ ಒಂದೇ ಕರಡು ತೆಗೆದಿದ್ದರು. ನಾನು ಕೆಂಪು ಶಾಯಿಯಲ್ಲಿ ಗುರುತು ಹಾಕಿದ್ದು, ನೀನು ನೋಡಿ ಮೊಳೆ ಬದಲಾಯಿಸಿದ್ದು, ನೇರ ಅಚ್ಚಿಗೆ ಹೋದದ್ದು. ಮಧ್ಯಾಹ್ನ ಯಜಮಾನರು ಆ ಕರಡಿನ ಕಟ್ಟು ತರಿಸಿ ಎಲ್ಲರೆದುರು ಬಿಚ್ಚಿದರು. ಆ ಸಾಲಿನ ಪಕ್ಕ, ಅಂಚಿನಲ್ಲಿ, ಕೆಂಪು ಗುರುತಿತ್ತು. ಲ್ಲ ಸೇರಿಸು ಎಂದು.

ನೀನು ಹಾಳೆಯನ್ನು ಕಿಟಕಿಯ ಹತ್ತಿರ ಒಯ್ದು ನೋಡಿದೆ. "ಈ ಗುರುತು ನಾನು ನೋಡೇ ಇಲ್ಲ" ಎಂದೆ. ಇನ್ನೊಮ್ಮೆ ನೋಡಿದೆ. ಯಜಮಾನರು, "ಮೊಳೆ ಬೀಳೋದು ಎಲ್ಲರ ಕೈಲೂ ಆಗುತ್ತೆ. ತೋರಿಸಿಕೊಟ್ಟ ಮೇಲೂ ಹಾಗೇ ಬಿಡೋದು ಹೇಗಯ್ಯ?" ಎಂದರು. ನೀನು ಜಗಳಕ್ಕೆ ನಿಲ್ಲಲಿಲ್ಲ. "ಹಾಗಾದ್ರೆ ನನ್ನ ಕಣ್ಣೇ ಕೆಟ್ಟಿದೆ" ಎಂದೆ. ನಾನು ಯಜಮಾನರ ಕೋಣೆಗೆ ಹೋಗಿ, ಅವನನ್ನು ಕೆಲಸದಿಂದ ತೆಗೆಯಬೇಡಿ ಎಂದು ಬೇಡಿಕೊಂಡೆ, ಅವರು ಒಪ್ಪಿದರು ಕೂಡ. ಆದರೆ ಮರುದಿನ ನೀನೇ ಬರಲಿಲ್ಲ. ನಂಬಿಕೆಯಿಲ್ಲದ ಕಣ್ಣಿಟ್ಟುಕೊಂಡು ಮೊಳೆ ಮುಟ್ಟಲಾರೆ ಎಂದು ಚೀಟಿ ಕಳಿಸಿದೆ. ತಿಂಗಳೊಳಗೆ ನಿನ್ನ ಭಾವಮೈದುನನ ಸಸಿತೋಟಕ್ಕೆ ಸೇರಿಕೊಂಡೆ.

ಸೊಸೆ ಎಲ್ಲ ಕೇಳಿ, "ಅಂದ್ರೆ ನೀವು ಗುರುತು ಹಾಕಿದ್ರಿ, ಅವರು ನೋಡ್ಲಿಲ್ಲ. ಅಷ್ಟೇ ತಾನೆ ಮಾವ?" ಎಂದಳು.

"ಅಷ್ಟೇ" ಎಂದೆ.

ಪುಸ್ತಕ ಇದೆ, ಮೊಳೆ. ಸೂಲಗಿತ್ತಮ್ಮ ತೀರಿಕೊಂಡು ಹನ್ನೆರಡು ವರ್ಷವಾಯಿತಂತೆ. ಅವಳ ಮೊಮ್ಮಗಳು ಹಳೆಯ ಪ್ರತಿಯೊಂದನ್ನು ಯಾರಿಂದಲೋ ಪಡೆದು, ಮತ್ತೆ ಅಕ್ಷರ ಜೋಡಿಸಿ, ಇದರಲ್ಲಿ ಹಾಕಿದ್ದಾಳೆ. ನಾನು ನೇರವಾಗಿ ಆ ಅಧ್ಯಾಯಕ್ಕೆ ಹೋಗಲಿಲ್ಲ. ಮೊದಲಿನಿಂದ ಓದಿದೆ, ದಿನಕ್ಕೆ ನೂರಕ್ಕೆ ನಾಲ್ಕೋ ಐದೋ. ಒಂದು ಸತ್ಯ ಹೇಳಲೇ? ಅಂದು ನಾನು ಆ ಪುಸ್ತಕವನ್ನು ಓದಿಯೇ ಇರಲಿಲ್ಲ. ಕರಡು ತಿದ್ದುವವನು ಅಕ್ಷರ ನೋಡುತ್ತಾನೆ, ಮಾತು ಕೇಳಿಸಿಕೊಳ್ಳುವುದಿಲ್ಲ. ಈಗ ಹನ್ನೊಂದು ಹನ್ನೊಂದು ಸಾಲುಗಳಾಗಿ ಓದುವಾಗ ಆ ಹೆಂಗಸು ನನ್ನ ಪಕ್ಕದಲ್ಲೇ ಕೂತು ಹೇಳಿದ ಹಾಗಿತ್ತು. ಎಷ್ಟು ಚೆನ್ನಾಗಿ ಬರೆದಿದ್ದಾಳೆ ಗೊತ್ತೇ? ಹೆರಿಗೆಯ ಮನೆಗೆ ಹೋದ ಕೂಡಲೇ ಅವಳು ಮಾಡುತ್ತಿದ್ದ ಮೊದಲ ಕೆಲಸ, ಗಾಬರಿಯಾದ ಗಂಡಸರಿಗೆಲ್ಲ ಒಂದೊಂದು ಬಿಂದಿಗೆ ಕೊಟ್ಟು ನೀರು ತರಲು ಅಟ್ಟುವುದಂತೆ. ನೀರು ಬೇಕಾಗಿಯಲ್ಲ, ಅವರು ಕಾಲಿಗೆ ಸಿಗದಿರಲಿ ಎಂದು.

ಮೂರು ವಾರದ ಮೇಲೆ ಆ ಅಧ್ಯಾಯ ಬಂತು. ಆ ಸಾಲೂ ಬಂತು. ಹಾಗೇ ಇದೆ. ನೀನು ಬಿಟ್ಟ ಮೇಲೆ ಉಳಿದ ಪ್ರತಿಗಳಿಗೆ ನಾವು ತಿದ್ದುಪಡಿಯ ಚೀಟಿ ಅಂಟಿಸಿದ್ದೆವು, ಅವಳ ಮೊಮ್ಮಗಳಿಗೆ ಸಿಕ್ಕಿದ್ದು ಚೀಟಿಯಿಲ್ಲದ ಪ್ರತಿ. ನನ್ನ ಗಾತ್ರದ ಅಕ್ಷರದಲ್ಲಿ ಆ ಒಂದು ವಾಕ್ಯ ಪುಟದ ಕಾಲು ಭಾಗ ತುಂಬಿಕೊಂಡಿದೆ. ಕಲೆಯಿರುವ ಕಣ್ಣಿಗೂ ತಪ್ಪಿಸಿಕೊಳ್ಳುವಂತಿಲ್ಲ.

ಪುಸ್ತಕದ ಕೊನೆಗೆ ಮೊಮ್ಮಗಳ ವಿಳಾಸವಿದೆ. ಅವಳಿಗೆ ಬರೆದಿದ್ದೇನೆ. ಏನಾಯಿತೆಂದು ತಿಳಿಸುತ್ತೇನೆ. ನೀನು ಮಾತ್ರ ಇದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಬೆಳಗಿನ ಇಬ್ಬನಿ ಆರುವ ಮೊದಲು ತೋಟಕ್ಕೆ ಹೋಗಬೇಡ, ಮಗಳು ಹೇಳಿದ್ದು ಕೇಳು. ಎಲ್ಲರಿಗೂ ಒಳ್ಳೆಯದಾಗಲಿ.

ನಿನ್ನ
ಕನ್ನಡಕ


ಮೇ ೧೨, ಸೋಮವಾರ

ಪ್ರೀತಿಯ ಮೊಳೆ,

ನಿನ್ನ ಎರಡು ಕಾಗದಗಳು ನನ್ನ ಮೇಜಿನ ಮೇಲಿವೆ. ಒಂದಕ್ಕೂ ಉತ್ತರ ಕೊಡಲಿಲ್ಲ. "ಬದುಕಿದೀಯಾ ಇಲ್ವಾ, ಒಂದು ಕಾರ್ಡಾದ್ರೂ ಹಾಕು" ಎಂದು ಎರಡನೆಯದರಲ್ಲಿ ಬರೆದಿದ್ದೀಯ. ಬದುಕಿದ್ದೇನೆ. ಕ್ಷಮಿಸು.

ಮೊದಲು ಒಳ್ಳೆಯ ಸುದ್ದಿ. ಸೂಲಗಿತ್ತಮ್ಮನ ಮೊಮ್ಮಗಳು ಉತ್ತರ ಬರೆದಳು. ಅವಳೂ ಹೆರಿಗೆ ಆಸ್ಪತ್ರೆಯಲ್ಲಿ ದಾದಿಯಂತೆ. ಪತ್ರ ನಾಲ್ಕು ಪುಟ, ಸೊಸೆ ಓದಿ ಹೇಳಿದಳು. ತಪ್ಪು ತೋರಿಸಿಕೊಟ್ಟದ್ದಕ್ಕೆ ನಾಲ್ಕು ಸಲ ಕೃತಜ್ಞತೆ ಹೇಳಿದ್ದಾಳೆ. ಅಜ್ಜಿ ತನ್ನ ಹತ್ತಿರವಿದ್ದ ಪ್ರತಿಗಳನ್ನು ಯಾರಿಗೆ ಕೊಡುವುದಿದ್ದರೂ ಮೊದಲು ಆ ಪುಟ ತೆರೆದು, ಪೆನ್ನಿನಿಂದ ಆ ಅಕ್ಷರ ಬರೆದೇ ಕೊಡುತ್ತಿದ್ದಳಂತೆ. ಆದರೆ ಮನೆಯಲ್ಲಿ ಕೊನೆಗೆ ಒಂದು ಪ್ರತಿಯೂ ಉಳಿಯಲಿಲ್ಲ, ಎಲ್ಲ ಕೊಟ್ಟು ಮುಗಿಸಿದ್ದಳು. ಮೊಮ್ಮಗಳಿಗೆ ಆಗ ಎಂಟೋ ಒಂಬತ್ತೋ ವಯಸ್ಸು. ಅಜ್ಜಿ ಏನು ಬರೆಯುತ್ತಿದ್ದಳೆಂದು ಗೊತ್ತು, ಎಲ್ಲಿ ಬರೆಯುತ್ತಿದ್ದಳೆಂದು ನೆನಪಿಲ್ಲ. ನನ್ನ ಕಾಗದ ಓದಿದ ಮೇಲೆ ಆ ಅಕ್ಷರದ ಜಾಗ ತಿಳಿಯಿತು ಎಂದು ಬರೆದಿದ್ದಾಳೆ.

ಇನ್ನೊಂದು ಮಾತೂ ಇತ್ತು. ಅದು ನಿನಗೆ ಸೇರಿದ್ದು, ಹಾಗೇ ಬರೆಯುತ್ತೇನೆ. "ಅಜ್ಜಿ ಪ್ರೆಸ್ಸಿನವರನ್ನ ಯಾವತ್ತೂ ಬೈದವಳಲ್ಲ. ತಾನು ಹೋಗಿ ಕೇಳಿದ್ದಕ್ಕೆ ಒಬ್ಬರು ಕೆಲಸ ಬಿಡೋ ಹಾಗಾಯ್ತು ಅಂತ ಕೊರಗ್ತಿದ್ದಳು. ಅವರು ಈಗ ಎಲ್ಲಿದ್ದಾರೆ, ನಿಮಗೇನಾದ್ರೂ ಗೊತ್ತಾ?"

ಗೊತ್ತು, ಚೆನ್ನಾಗಿದ್ದಾನೆ ಎಂದು ಬರೆದೆ.

ಅದಾಗಿ ಒಂದು ವಾರದ ಮೇಲೆ ಸ್ಲೇಟು ತೆರೆದಾಗ, ಈ ಪುಸ್ತಕದ ಹೊಸ ಪ್ರತಿ ಬಂದಿದೆ ಎಂದು ಒಂದು ಪುಟ್ಟ ಸಾಲು ಕಾಣಿಸಿತು. ಸೊಸೆ ಬಂದು ಅದನ್ನು ಮುಟ್ಟಿದಳು. ಪುಟ ಒಮ್ಮೆ ಕಪ್ಪಾಗಿ ತಿಳಿಯಾಯಿತು, ಎಂದಿನ ಹಾಗೇ. ಆ ಅಧ್ಯಾಯಕ್ಕೆ ಹೋದೆ. "ನನ್ನ ತಪ್ಪಿನಿಂದಲ್ಲ." ಲ್ಲ ಅಲ್ಲಿ ಕೂತಿದೆ, ಒತ್ತೂ ನೆಟ್ಟಗಿದೆ, ಹುಟ್ಟಿದಾಗಿನಿಂದ ಅಲ್ಲೇ ಇದ್ದ ಹಾಗೆ.

"ಹಳೇದು ಎಲ್ಲಿ ಹೋಯ್ತಮ್ಮ?" ಎಂದು ಕೇಳಿದೆ.

"ಹೋಯ್ತು ಮಾವ. ಅದರ ಮೇಲೇ ಹೊಸದು ಬಂತು."

"ನನ್ನ ಸ್ಲೇಟಲ್ಲಿ ಮಾತ್ರಾನಾ?"

"ಹೊಸದು ಬೇಕು ಅಂತ ಒತ್ತಿದೋರೆಲ್ಲರ ಹತ್ರಾನೂ. ಇನ್ನು ಮೇಲೆ ತಗೊಳ್ಳೋರಿಗೆ ಸರಿಯಾಗಿರೋದೇ ಸಿಗುತ್ತೆ. ಒಳ್ಳೇದಾಯ್ತಲ್ಲ?"

ಒಳ್ಳೆಯದಾಯಿತು ಎಂದೆ. ಅವಳು ಹೋದ ಮೇಲೆ ಆ ಅಕ್ಷರದ ಮೇಲೆ ಬೆರಳಿಟ್ಟು ನೋಡಿದೆ. ನಮ್ಮ ಕಾಲದಲ್ಲಿ ಒಂದು ತಪ್ಪು ತಿದ್ದಬೇಕಾದರೆ ಏನೆಲ್ಲ ಆಗುತ್ತಿತ್ತು, ನೆನಪಿದೆಯಲ್ಲ? ಚೀಟಿ ಅಚ್ಚು ಮಾಡು, ಕತ್ತರಿಸು, ಅಂಟು ಕಲಸು. ಅಂಟಿಸಿದ ಮೇಲೂ ಅಲ್ಲೊಂದು ಕಲೆ ಉಳಿಯುತ್ತಿತ್ತು, ಬೆರಳಾಡಿಸಿದರೆ ಇಲ್ಲೇನೋ ಆಗಿದೆ ಎಂದು ಗೊತ್ತಾಗುತ್ತಿತ್ತು. ಇದರ ಮೇಲೆ ಬೆರಳಾಡಿಸಿದರೆ ಪುಟ ತಿರುಗುತ್ತದೆ ಅಷ್ಟೆ. ಯಜಮಾನರು ಹೋಗಿ ಎಷ್ಟು ಕಾಲವಾಯಿತು. ಪ್ರೆಸ್ಸನ್ನು ಮುಚ್ಚಿ ಆ ಜಾಗದಲ್ಲಿ ಕಾರು ತೊಳೆಯುವ ಅಂಗಡಿ ಹಾಕಿದ್ದಾರೆ. ಕರಡಿನ ಕಟ್ಟುಗಳನ್ನೆಲ್ಲ ರದ್ದಿಗೆ ಒಯ್ದಾಗ ನಾನೇ ನಿಂತು ಲಾರಿಗೆ ಹೇರಿಸಿದ್ದೆ.

ಹಾಗಾಗಿ, ಮೊಳೆ, ನೀನು ಕೇಳಿದ್ದಕ್ಕೆ ಉತ್ತರ ಇಷ್ಟು: ಇಲ್ಲ, ಆ ತಪ್ಪು ಈಗ ಅಲ್ಲಿಲ್ಲ. ನಿಶ್ಚಿಂತೆಯಿಂದಿರು. ಇಷ್ಟನ್ನು ಬರೆದು ಏಪ್ರಿಲ್ ಮೊದಲ ವಾರದಲ್ಲೇ ನಿನಗೆ ಹಾಕಿಬಿಡಬಹುದಿತ್ತು. ಬರೆದೂ ಇದ್ದೆ. ಅಷ್ಟರಲ್ಲಿ ನಿನ್ನ ಕಾಗದ ಬಂತು.

ಅದರಲ್ಲಿ ನೀನು ಬರೆದದ್ದನ್ನು ನಾನು ಎಷ್ಟು ಸಲ ಓದಿದೆನೋ. ಸಸಿಗಳಿಗೆ ಹೆಸರಿನ ಚೀಟಿ ಬರೆಯುವುದು ನಿನ್ನ ಕೆಲಸ ಎಂದು ಗೊತ್ತಿತ್ತು. ಆದರೆ ಬರೆದ ಪ್ರತಿಯೊಂದು ಚೀಟಿಯನ್ನೂ ನೀನು ಇನ್ನೊಬ್ಬರ ಕೈಯಲ್ಲಿ ಓದಿಸಿಯೇ ಕಟ್ಟುವುದು ಎಂದು ಗೊತ್ತಿರಲಿಲ್ಲ. "ಇವಳಿದ್ದಾಗ ದಿನಾ ಸಂಜೆ ಇವಳ ಮುಂದೆ ಚೀಟಿ ಹರಡ್ತಿದ್ದೆ. ಒಂದು ದಿನಾನೂ ಬೇಜಾರು ಮಾಡ್ಕೊಂಡವಳಲ್ಲ. ನನ್ನ ಕಣ್ಣಿನ ಮೇಲೆ ನನಗೆ ನಂಬಿಕೆ ಇಲ್ಲ ಅಂತ ಅವಳಿಗೆ ಗೊತ್ತಿತ್ತು. ಈಗ ಮಗಳಿಗೆ ತೋರಿಸ್ತೀನಿ. ಅವಳು ಅಪ್ಪಾ ಎಲ್ಲಾ ಸರಿಯಾಗೇ ಇದೆ ಅಂತಾಳೆ. ಸರಿಯಾಗೇ ಇರುತ್ತೆ. ಆದ್ರೂ ತೋರಿಸದೆ ಕೈ ಓಡಲ್ಲ." ಮೂವತ್ತೊಂದು ವರ್ಷದಲ್ಲಿ ಒಂದೇ ಒಂದು ಚೀಟಿಯಲ್ಲೂ ತಪ್ಪು ಸಿಕ್ಕಿಲ್ಲ ಎಂದೂ ಬರೆದಿದ್ದೀಯ, ಅದೇನೋ ಅದೃಷ್ಟ ಎನ್ನುವ ಹಾಗೆ. ಕೊನೆಗೆ, "ಅವತ್ತು ಯಜಮಾನರ ಮುಂದೆ ನನ್ನ ಪರವಾಗಿ ಮಾತಾಡಿದೋನು ನೀನೊಬ್ಬನೇ, ಅದನ್ನ ಇವಳೂ ಸಾಯೋವರೆಗೆ ನೆನೆಸ್ತಿದ್ದಳು" ಎಂದು ಬರೆದಿದ್ದೀಯ.

ಬರೆದಿಟ್ಟಿದ್ದ ಕಾಗದವನ್ನು ಹರಿದೆ. ಇದು ಐದನೆಯದ್ದು.

ಜೂನ್ ಕೊನೆಯ ವಾರದಲ್ಲಿ ಸೊಸೆಗೆ ನಾಲ್ಕು ದಿನ ರಜೆಯಿದೆ. ನಿನ್ನಲ್ಲಿಗೆ ಕರೆದುಕೊಂಡು ಹೋಗುತ್ತೇನೆ ಎಂದಿದ್ದಾಳೆ. ನೀನು ಬಾ ಎಂದರೆ ಬರುತ್ತೇನೆ. ಬರಬೇಡ ಎಂದರೂ ನಿನ್ನ ಅಕ್ಷರದಲ್ಲೇ ಬರೆ. ನಿನ್ನ ಮಗಳು ನೂರು ಕಾಲ ಬಾಳಲಿ, ನಿನ್ನ ಕೈಯಲ್ಲಿ ನೆಟ್ಟದ್ದೆಲ್ಲ ಬೇರು ಹಿಡಿಯಲಿ. ನಿನಗೆ ಆಶೀರ್ವಾದ ಮಾಡುವಷ್ಟು ದೊಡ್ಡವನಲ್ಲ ನಾನು. ಒಳ್ಳೆಯದನ್ನು ಬಯಸಬಹುದೇನೋ, ಬಯಸುತ್ತೇನೆ.

ನಿನ್ನ
ಕನ್ನಡಕ

ಮರೆತ ಮಾತು: ಮರೆತದ್ದಲ್ಲ. ಮೇಲೆ ಬರೆಯಲು ಐದು ಸಲವೂ ಕೈ ಬರಲಿಲ್ಲ, ಅದಕ್ಕೇ ಇಲ್ಲಿ.

ಅಂದು ಬೆಳಗ್ಗೆ ಸೂಲಗಿತ್ತಮ್ಮ ಹೋದ ಮೇಲೆ ಯಜಮಾನರು, "ಊಟ ಮುಗಿಸ್ಕೊಂಡು ಆ ಕರಡಿನ ಕಟ್ಟು ತಗೊಂಡು ಬನ್ನಿ" ಎಂದು ನನಗೆ ಹೇಳಿದರು. ನೀವೆಲ್ಲ ಊಟಕ್ಕೆ ಹೋದಿರಿ. ನಾನು ಹೋಗಲಿಲ್ಲ. ಕಟ್ಟು ಬಿಚ್ಚಿ ಆ ಹಾಳೆ ತೆಗೆದು ನೋಡಿದೆ. ಆ ಸಾಲಿನ ಪಕ್ಕ ಏನೂ ಇರಲಿಲ್ಲ. ಮೊಳೆ ಬಿದ್ದದ್ದು ನಿನ್ನ ಕೈಯಿಂದಲೇ ಇರಬಹುದು. ಅದು ಬಿದ್ದದ್ದನ್ನು ಕಾಣುವುದಕ್ಕೆಂದೇ ನನಗೆ ಕುರ್ಚಿ ಕೊಟ್ಟಿದ್ದರು, ನಾನು ಕಾಣಲಿಲ್ಲ. ಆ ವರ್ಷ ಎರಡು ಸಲ ಯಜಮಾನರು ನನ್ನನ್ನು ಕರೆದು ಎಚ್ಚರಿಸಿದ್ದರು, ನಿನಗೆ ಹೇಳಿರಲಿಲ್ಲ. ಇದನ್ನು ಕಾರಣವೆಂದು ಬರೆಯುತ್ತಿಲ್ಲ. ಪೆನ್ನು ತೆರೆದೆ, ಅಂಚಿನಲ್ಲಿ ಗುರುತು ಹಾಕಿದೆ, ಊದಿ ಆರಿಸಿದೆ. ನೀನು ಕೈ ತೊಳೆದುಕೊಂಡು ಬರುವಷ್ಟರಲ್ಲಿ ಕಟ್ಟು ಕಟ್ಟಿಯಾಗಿತ್ತು.

ನೀನು ಕಿಟಕಿಯ ಹತ್ತಿರ ಹಾಳೆ ಹಿಡಿದು ಹೇಳಿದೆಯಲ್ಲ, ಈ ಗುರುತು ನಾನು ನೋಡೇ ಇಲ್ಲ ಎಂದು, ಅದು ನಿಜ. ನೀನು ನೋಡಿದಾಗ ಅದು ಇರಲಿಲ್ಲ. ನಿನ್ನ ಕಣ್ಣಿಗೆ ಅಂದೂ ಏನೂ ಆಗಿರಲಿಲ್ಲ, ಆಮೇಲೂ ಆಗಲಿಲ್ಲ.

ಸೂಲಗಿತ್ತಮ್ಮನ ಮೊಮ್ಮಗಳಿಗೂ ಇದನ್ನು ಬರೆಯುತ್ತೇನೆ. ನೀನು ಓದಿದ ಮೇಲೆ.

ಇಷ್ಟನ್ನು ಬರೆದು ನನ್ನಾಕೆಗೆ ಓದಿ ಹೇಳಿದೆ. ಅವಳಿಗೂ ಗೊತ್ತಿರಲಿಲ್ಲ. ಅವಳು ಎಂದಿನ ಇಪ್ಪತ್ತು ಸಾಲಿನ ಅಭಿಪ್ರಾಯ ಸೇರಿಸಲಿಲ್ಲ. ಎದ್ದು ಹೋಗಿ ಲಕೋಟೆಗೆಂದು ಅಂಟಿನ ಡಬ್ಬಿ ತಂದು ಮೇಜಿನ ಮೇಲಿಟ್ಟು, ನನ್ನ ಮುಖ ನೋಡದೆ ಹೇಳಿದಳು: "ಅವರ ಹೆಂಡತಿ ಇದ್ದಾಗ ಬರೀಬೇಕಿತ್ತು."